ನಿನ್ನ ನೋವು ನನಗಿರಲಿ

ಮಗುವಿನ ಹೊಟ್ಟೆಗೆ ಪಟ್ಟಿ ಬಿಗಿದದ್ದೇ ತಡ, ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಚೈತ್ರಮ್ಮ ಎರಡಾಗಿ ಮಡಚಿಕೊಂಡಳು.

"ಶುರುವಾಯ್ತು ಮೇಡಂ," ಎಂದಳು ಹಲ್ಲು ಕಚ್ಚಿ. "ಹೊಕ್ಕುಳ ಸುತ್ತ ಮಂದವಾಗಿದೆ. ಇಲ್ಲ, ತಾಳಿ... ಬಲಗಡೆ, ಕೆಳಗೆ. ಒಂದೇ ಜಾಗದಲ್ಲಿ ಗೂಟ ಹೊಡೆದಂಗೆ ನಿಂತುಬಿಟ್ಟಿದೆ. ಅಯ್ಯಪ್ಪಾ! ಇವನು ಕೆಮ್ಮಿದ್ರೆ ಒಳಗೆ ಯಾರೋ ದಾರ ಹಿಡಿದು ಜಗ್ಗಿದಂಗಾಗುತ್ತೆ. ಇದು ಅದೇ ಕಣ್ರೀ. ಅನುಮಾನವೇ ಬೇಡ."

ತುರ್ತು ಚಿಕಿತ್ಸಾ ವಿಭಾಗದ ಡಾಕ್ಟರ್ ನಾಜಿಯಾ ಎರಡನೇ ಮಾತು ಆಡಲಿಲ್ಲ. ಅಪೆಂಡಿಕ್ಸ್ ಎಂದು ಬರೆದು, ಶಸ್ತ್ರಚಿಕಿತ್ಸೆಯ ಕೋಣೆಗೆ ಹೇಳಿ ಕಳಿಸಿದರು. ಚೈತ್ರಮ್ಮ ತನ್ನ ಪಟ್ಟಿ ಬಿಚ್ಚಿಕೊಂಡು ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟು ಹೊತ್ತೂ ಕಿರುಚುತ್ತಿದ್ದ ನಾಲ್ಕು ವರ್ಷದ ಆ ಮಗು ಅಳು ನಿಲ್ಲಿಸಿ, ಕಣ್ಣು ಪಿಳುಕಿಸದೆ ಅವಳ ಮುಖವನ್ನೇ ನೋಡುತ್ತಿತ್ತು. ಮಕ್ಕಳೆಲ್ಲ ಹಾಗೇ ನೋಡುತ್ತಿದ್ದವು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹಿಂದಿನ ಕಾಲದಲ್ಲಿ ಅಜ್ಜಿಯರೆಂದರೆ ಓಬಮ್ಮ, ತಿಪ್ಪಮ್ಮ. ಈ ಕಥೆ ನಡೆಯುವ ಹೊತ್ತಿಗೆ ಚೈತ್ರಾ, ಅಶ್ವಿನಿಯರಿಗೇ ಮೊಮ್ಮಕ್ಕಳಾಗಿ ತಲೆ ನೆರೆತಿತ್ತು. ವೇದಾವತಿಪುರದ ಮಕ್ಕಳ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದ್ದ ಚೈತ್ರಮ್ಮ ಐದು ವರ್ಷಗಳಿಂದ ಮಾಡುತ್ತಿದ್ದ ಕೆಲಸಕ್ಕೆ ಕಾಗದದಲ್ಲಿ 'ವೇದನಾಗ್ರಾಹಿ' ಎಂಬ ಹೆಸರಿತ್ತು. ಊರ ಜನ ಮಾತ್ರ ಅವಳನ್ನು ನೋವಮ್ಮ ಎಂದೇ ಕರೆಯುತ್ತಿದ್ದರು. ಮಕ್ಕಳ ನೋವನ್ನು ತನ್ನ ಮೈಯಲ್ಲಿ ಅನುಭವಿಸಿ, ಅದು ಎಂಥದು ಎಂದು ವೈದ್ಯರಿಗೆ ಹೇಳುವುದೇ ಅವಳ ಕೆಲಸ.

ಇಂಥ ಕೆಲಸ ಹುಟ್ಟಿದ್ದಕ್ಕೂ ಕಾರಣವಿತ್ತು. ದೊಡ್ಡ ಕರುಳಿನ ಬುಡದಲ್ಲಿ ಬೆರಳುದ್ದದ ಒಂದು ಬಾಲ ಜೋತಾಡುತ್ತಿರುತ್ತದೆ. ಅದೇ ಅಪೆಂಡಿಕ್ಸ್. ಅದು ಊದಿಕೊಂಡರೆ ಒಡೆಯುವುದರೊಳಗೆ ಕತ್ತರಿಸಿ ತೆಗೆಯಬೇಕು. ಒಡೆದರೆ ಕೀವು ಹೊಟ್ಟೆಯಲ್ಲೆಲ್ಲ ಹರಡಿ ಜೀವಕ್ಕೇ ಸಂಚಕಾರ. ದೊಡ್ಡವರಾದರೆ ಇಲ್ಲಿ ನೋವು, ಹೀಗೆ ನೋವು ಎಂದು ಹೇಳುತ್ತಾರೆ. ಮಕ್ಕಳಿಗೆ ಆ ಮಾತು ಎಲ್ಲಿಂದ ಬರಬೇಕು? ಮಲ ಕಟ್ಟಿದರೂ ಹೊಕ್ಕುಳ ತೋರಿಸುತ್ತವೆ, ಗಂಟಲು ಕೆಟ್ಟರೂ ಹೊಕ್ಕುಳ ತೋರಿಸುತ್ತವೆ, ಲೆಕ್ಕದ ಪರೀಕ್ಷೆ ಇದ್ದರಂತೂ ಬೆಳಗಾಗೆದ್ದು ಹೊಕ್ಕುಳವನ್ನೇ ತೋರಿಸುತ್ತವೆ. ಸ್ಕ್ಯಾನಿಂಗಿನಲ್ಲಿ ಆ ಬಾಲ ಎಷ್ಟೋ ಸಲ ಕರುಳಿನ ಹಿಂದೆ ಅಡಗಿ ಕೂತಿರುತ್ತದೆ. ಹೀಗಾಗಿ ಏನೂ ಇಲ್ಲದ ಮಕ್ಕಳ ಹೊಟ್ಟೆ ಕೊಯ್ದದ್ದೂ ಉಂಟು, ಕೊಯ್ಯಬೇಕಾದ ಮಕ್ಕಳನ್ನು ಗ್ಯಾಸ್ ಎಂದು ಮನೆಗೆ ಕಳಿಸಿದ್ದೂ ಉಂಟು.

ನರವಿಜ್ಞಾನಿ ಡಾಕ್ಟರ್ ಅನಿರುದ್ಧ ಜೋಯಿಸರು ಕಂಡುಹಿಡಿದ 'ಸಹವೇದಕ' ಈ ತೊಡಕನ್ನು ಬಿಡಿಸಿತು. ಅದರಲ್ಲಿ ಎರಡು ಪಟ್ಟಿಗಳು. ಒಂದು ಮಗುವಿನ ಹೊಟ್ಟೆಯ ನರಗಳಲ್ಲಿ ಹರಿಯುವ ಸಂಕೇತಗಳನ್ನು ಓದುತ್ತದೆ; ಇನ್ನೊಂದು ಅವೇ ಸಂಕೇತಗಳನ್ನು ತೊಟ್ಟವರ ನರಗಳಲ್ಲಿ ಮೂಡಿಸುತ್ತದೆ. ಮೊದಮೊದಲು ಜೋಯಿಸರು ಅದನ್ನು ಪರದೆಯ ಮೇಲೆ ಗೆರೆಗಳಾಗಿ ಮೂಡಿಸಿದ್ದರು. ಗೆರೆ ನೋಡಿ ಹೆದರಿಕೆಯ ನೋವು ಯಾವುದು, ಅಪೆಂಡಿಕ್ಸಿನ ನೋವು ಯಾವುದು ಎಂದು ಹೇಳಲು ಯಾವ ಪಂಡಿತನಿಗೂ ಆಗಲಿಲ್ಲ. ಮನುಷ್ಯರ ಮೈಗೆ ಕೊಟ್ಟು ನೋಡಿದಾಗ ನಾಲ್ಕೈದು ತಿಂಗಳ ಅಭ್ಯಾಸದಲ್ಲೇ ವ್ಯತ್ಯಾಸ ತಿಳಿಯತೊಡಗಿತು.

ತರಬೇತಿಯ ಮೊದಲ ದಿನ ಚೈತ್ರಮ್ಮ ಕೇಳಿದ ಪ್ರಶ್ನೆ ಜೋಯಿಸರಿಗೆ ಚೆನ್ನಾಗಿ ನೆನಪಿತ್ತು.

"ಸಾರ್, ನೋವು ನನಗೆ ಬಂದ ಮೇಲೆ ಮಗೂಗೆ ಕಡಿಮೆ ಆಗುತ್ತಾ?"

"ಇಲ್ಲಮ್ಮ. ಇದು ನಕಲು ಮಾತ್ರ. ಮಗುವಿನ ನೋವು ಮಗುವಿನಲ್ಲೇ ಇರುತ್ತೆ."

"ಅರ್ಧದಷ್ಟಾದ್ರೂ?"

"ಒಂದು ಸಾಸಿವೆ ಕಾಳಿನಷ್ಟೂ ಇಲ್ಲ."

"ಇಷ್ಟೆಲ್ಲ ಓದಿ, ಕಡಿಮೆ ಮಾಡೋ ಹಾಗೆ ಮಾಡಬಾರದಿತ್ತಾ ಸಾರ್?" ಎಂದು ಆಕೆ ನಿರಾಸೆಯಿಂದ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ್ದಳು.

ಆದರೂ ಕೆಲಸಕ್ಕೆ ಒಪ್ಪಿದಳು. ಇಪ್ಪತ್ತೆಂಟು ವರ್ಷದ ಹಿಂದೆ ಅವಳ ಐದು ವರ್ಷದ ಮಗಳು ಸಿಂಚನ ಹೊಟ್ಟೆನೋವೆಂದು ಅತ್ತಾಗ, ಹೊಟ್ಟೆ ಕಟ್ಟಿರಬೇಕೆಂದು ಕಾಲ ಮೇಲೆ ಮಲಗಿಸಿಕೊಂಡು, ಮೂಗು ಹಿಡಿದು ಹರಳೆಣ್ಣೆ ಕುಡಿಸಿದ್ದು ಇವಳ ಕೈಯೇ. ಮಾರನೆಯ ದಿನ ಮಗು ನೋವು ಹೋಯಿತೆಂದು ಎದ್ದು ಕೂತು ಮಂಡಕ್ಕಿ ಕೇಳಿತ್ತು. ಚೈತ್ರಮ್ಮ ದೇವರಿಗೆ ದೀಪ ಹಚ್ಚಿದ್ದಳು. ಅಪೆಂಡಿಕ್ಸ್ ಒಡೆದ ಮೇಲೆ ಸ್ವಲ್ಪ ಹೊತ್ತು ನೋವು ತಗ್ಗುತ್ತದೆ ಎಂದು ಆಗ ಅವಳಿಗೇನು ಗೊತ್ತು? ಮೂರನೆಯ ದಿನ ಮಗು ಇರಲಿಲ್ಲ. ಅಂದಿನಿಂದ ಯಾವ ಮಗು ಹೊಟ್ಟೆ ಹಿಡಿದುಕೊಂಡರೂ ಅವಳಿಗೆ ಸಿಂಚನಳೇ ಕಾಣುತ್ತಿದ್ದಳು. ಪಟ್ಟಿ ಬಿಗಿದುಕೊಂಡು ಕೂತಾಗ ಮಾತ್ರ ಮನಸ್ಸಿಗೆ ಏನೋ ಸಮಾಧಾನ.

ಪಟ್ಟಿ ಕಟ್ಟುವ ಮೊದಲು ಅವಳಿಗೊಂದು ಅಭ್ಯಾಸವಿತ್ತು. ಮಗುವಿನ ಎರಡೂ ಕೆನ್ನೆ ಸವರಿ, ಕೈಗಳನ್ನು ತನ್ನ ಕಣತಲೆಗೆ ಒತ್ತಿ ಲಟಲಟನೆ ನೆಟಿಗೆ ಮುರಿದು, "ನಿನ್ನ ನೋವೆಲ್ಲ ನನಗಿರಲಿ ಕಂದಾ, ಕೊಡು," ಎನ್ನುತ್ತಿದ್ದಳು. ನಮ್ಮ ಕಡೆ ಈ ಮಾತು ಆಡದ ತಾಯಿ ಯಾರಿದ್ದಾರೆ? ಜ್ವರ ಬಂದರೆ, ಎಡವಿ ಬಿದ್ದರೆ, ದೃಷ್ಟಿ ತಾಗಿದರೆ, ಎಲ್ಲದಕ್ಕೂ ಇದೇ ಮಾತು. ಮಕ್ಕಳು ಅದನ್ನು ಕೇಳಿದ ಕೂಡಲೇ ಸುಮ್ಮನಾಗಿ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದವು. ಜೋಯಿಸರು ಇದನ್ನು ನೋಡಿ ಮೆಚ್ಚಿದರು. ಕಾರ್ಯವಿಧಾನದ ಪುಸ್ತಕದಲ್ಲಿ ಮೂರನೆಯ ಹಂತವಾಗಿ ಆ ಮಾತನ್ನೂ ನೆಟಿಗೆಯನ್ನೂ ಸೇರಿಸಿದರು. ಸಹವೇದಕ ಬಳಸುತ್ತಿದ್ದ ನಲವತ್ತು ಆಸ್ಪತ್ರೆಗಳ ವೇದನಾಗ್ರಾಹಿಗಳು ಅದನ್ನು ಕಲಿತರು. ಚೈತ್ರಮ್ಮನಿಗೆ ಹೆಮ್ಮೆಯೋ ಹೆಮ್ಮೆ. ಓದು ಬಾರದ ಬಾಯಿಂದ ಬಂದದ್ದು ಪುಸ್ತಕಕ್ಕೇರಿತಲ್ಲ!

ಮೊದಲ ಮೂರು ವರ್ಷ ಎಲ್ಲವೂ ಹೂವು ಎತ್ತಿದಂತೆ ನಡೆಯಿತು. ತಪ್ಪು ರೋಗನಿದಾನ ಎಂಬುದು ಹೆಸರಿಗೂ ಉಳಿಯಲಿಲ್ಲ. ನಾಲ್ಕನೆಯ ವರ್ಷದಿಂದ ಒಂದು ವಿಚಿತ್ರ ಕಾಣಿಸಿಕೊಂಡಿತು. ಆಸ್ಪತ್ರೆಗೆ ಬಂದ ಮಕ್ಕಳ ಕಾಯಿಲೆ ತಪ್ಪದೆ ಗೊತ್ತಾಗುತ್ತಿತ್ತು. ಆದರೆ ಮಕ್ಕಳು ಬರುವುದೇ ತಡವಾಗತೊಡಗಿತು. ಎರಡು ದಿನ, ಮೂರು ದಿನ ತಡ. ಅಪೆಂಡಿಕ್ಸ್ ಒಡೆದ ಮೇಲೇ ಬರುತ್ತಿದ್ದವು. ಅದರಲ್ಲೂ ಆರು ವರ್ಷ ದಾಟಿದ, ಬುದ್ಧಿ ತಿಳಿದ ಮಕ್ಕಳು.

"ಈ ಅಪ್ಪ ಅಮ್ಮಂದಿರಿಗೆ ಏನು ಬಂದಿದೆ?" ಎಂದು ನಾಜಿಯಾ ರೇಗುತ್ತಿದ್ದರು. "ಸಹವೇದಕ ಇದೆ ಅಂತ ಅಸಡ್ಡೆ. ಕೊನೆಗೆ ಹೋದರೂ ಆಗುತ್ತೆ ಅಂದುಕೊಂಡಿದ್ದಾರೆ."

ಆ ಬೇಸಿಗೆಯಲ್ಲಿ ಒಂಬತ್ತು ವರ್ಷದ ಲೋಹಿತ ಎಂಬ ಹುಡುಗ ಬಂದ ದಿನವೇ ತೀರಿಕೊಂಡ. ಅವನ ತಾಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ನೋವು ಅಂತ ಒಂದು ಮಾತು ಹೇಳಲಿಲ್ಲ ಕಣ್ರವ್ವಾ, ನಿನ್ನೆ ಕೂಡ ನಗ್ತಾ ಇದ್ದ," ಎಂದು ಎದೆ ಬಡಿದುಕೊಂಡಳು. ಯಾರೂ ನಂಬಲಿಲ್ಲ. ಚೈತ್ರಮ್ಮನೇ ಮುಂದೆ ನಿಂತು, "ಹೆತ್ತ ಮಗ ಮೂರು ದಿನ ಒದ್ದಾಡಿದ್ರೆ ಗೊತ್ತಾಗಲ್ವೇನಮ್ಮ? ಕಣ್ಣು ಎಲ್ಲಿಟ್ಟುಕೊಂಡಿದ್ದೆ?" ಎಂದು ಆಡಬಾರದ ಮಾತು ಆಡಿಬಿಟ್ಟಳು. ಆ ತಾಯಿ ಎದ್ದು ಹೋದಳು.

ಚೈತ್ರಮ್ಮನ ಮನೆಯಲ್ಲಿ ಮಗ, ಸೊಸೆ ದೀಕ್ಷಾ, ಎಂಟು ವರ್ಷದ ಮೊಮ್ಮಗಳು ಇಬ್ಬನಿ. ಮಗನೂ ಸೊಸೆಯೂ ಊರಾಚೆಯ ಸೌರವಿದ್ಯುತ್ ಘಟಕದ ಕೆಲಸಕ್ಕೆ ಬೆಳಿಗ್ಗೆಯೇ ಹೊರಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಇಬ್ಬನಿ ನೇರ ಆಸ್ಪತ್ರೆಗೆ ಬಂದು, ತುರ್ತು ಕೋಣೆಯ ಗಾಜಿನ ಬಾಗಿಲಿನ ಹೊರಗೆ ಬೆಂಚಿನ ಮೇಲೆ ಕೂತು ಹೋಂವರ್ಕ್ ಮಾಡುವಳು. ಐದು ಗಂಟೆಗೆ ಇಬ್ಬರೂ ಕೈಹಿಡಿದು ಮನೆಗೆ. ದಾರಿಯುದ್ದಕ್ಕೂ ಪಟಪಟ ಮಾತು. ಬಾಯಿಬಡುಕಿ ಎಂದರೆ ಬಾಯಿಬಡುಕಿ.

ಒಂದು ಶುಕ್ರವಾರ ಅವಳು ದಾರಿಯಲ್ಲಿ ಮಾತಾಡಲಿಲ್ಲ. ಅಂದು ಆರು ಮಕ್ಕಳ ಹೊಟ್ಟೆನೋವು ಹೊತ್ತಿದ್ದ ಚೈತ್ರಮ್ಮನಿಗೆ ತನ್ನ ಸೊಂಟ ಎಳೆದುಕೊಂಡು ಮನೆ ಸೇರಿದರೆ ಸಾಕಾಗಿತ್ತು. ಶನಿವಾರ ಇಬ್ಬನಿ ಶಾಲೆಯಲ್ಲೇ ತಿಂದೆ ಎಂದು ಊಟ ಬಿಟ್ಟಳು. ದೀಕ್ಷಾ ಹಣೆ ಮುಟ್ಟಿ, "ಸ್ವಲ್ಪ ಬೆಚ್ಚಗಿದೆ, ಬಿಸಿಲಿಗೆ ಆಡಿರ್ತಾಳೆ," ಎಂದಳು.

"ಹೊಟ್ಟೆಗಿಟ್ಟೆ ನೋಯ್ತಿದೆಯೇನೆ?" ಎಂದು ಚೈತ್ರಮ್ಮ ಕೇಳಿದಳು.

"ಇಲ್ಲಜ್ಜಿ," ಎಂದು ಇಬ್ಬನಿ ನಕ್ಕಳು.

ಭಾನುವಾರ ಬೆಳಿಗ್ಗೆ ಓಣಿಯ ಹುಡುಗಿಯರು ಮನೆಯ ಮುಂದೆಯೇ ಕುಂಟೆಬಿಲ್ಲೆಯ ಮನೆ ಬರೆದಿದ್ದರು. ಕುಂಟೆಬಿಲ್ಲೆಯಲ್ಲಿ ಇಬ್ಬನಿಯನ್ನು ಸೋಲಿಸುವವರು ಆ ಓಣಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಅಂಥವಳು ಮೊಣಕಾಲು ಮಡಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಅಂಗಳಕ್ಕೆ ನೀರು ಹಾಕುತ್ತಿದ್ದ ಚೈತ್ರಮ್ಮನ ಕೈಯ ತಂಬಿಗೆ ಅಲ್ಲೇ ನಿಂತಿತು. ಹೊಟ್ಟೆಯೊಳಗೆ ಉರಿಯೂತವಿದ್ದರೆ ಮಗು ಕುಂಟುವುದಿಲ್ಲ, ಹಾರುವುದಿಲ್ಲ. ಸಹವೇದಕ ಬರುವ ಮೊದಲು ಹಳೆಯ ಡಾಕ್ಟರುಗಳು ಮಕ್ಕಳನ್ನು ಹಾಗೇ ಕುಣಿಸಿ ನೋಡುತ್ತಿದ್ದುದು ಆಯಾ ಆಗಿದ್ದಾಗ ಅವಳು ಕಂಡಿದ್ದೇ.

"ಬಾರೆ ಇಲ್ಲಿ. ಒಂದು ಮನೆ ಕುಂಟಿ ತೋರಿಸು."

"ಬೇಡಜ್ಜಿ, ಬೇಜಾರು."

"ಒಂದೇ ಒಂದು. ಅಜ್ಜಿಗೋಸ್ಕರ."

ಇಬ್ಬನಿ ಎದ್ದಳು. ಎಡಗಾಲು ಮಡಚಿ ಒಂದು ಮನೆ ಹಾರಿದಳು. ಅವಳ ಬಾಯಿಂದ ಕುಂಯ್ ಎಂಬ ಸದ್ದೂ ಬರಲಿಲ್ಲ. ಆದರೆ ಮುಖ ಸುಣ್ಣವಾಯಿತು, ತುಟಿ ಹಲ್ಲಿನ ನಡುವೆ ಸಿಕ್ಕಿ ರಕ್ತ ಬಂತು.

"ಅಯ್ಯೋ ನನ್ನವ್ವಾ!" ಎಂದು ಚೈತ್ರಮ್ಮ ಅವಳನ್ನು ಬಾಚಿ ಎತ್ತಿಕೊಂಡು ರಸ್ತೆಗೆ ಓಡಿ ಆಟೋ ಕೂಗಿದಳು.

ಅರ್ಧ ದಾರಿಯಲ್ಲಿ ಇಬ್ಬನಿ ತಲೆಯೆತ್ತಿ, ಬೆವರಿದ ಮುಖದಲ್ಲಿ ಸಣ್ಣಗೆ ನಕ್ಕು ಹೇಳಿದಳು: "ಅಜ್ಜಿ, ಈಗ ನಿಜವಾಗ್ಲೂ ನೋವಿಲ್ಲ. ಹೋಯ್ತು. ಮನೆಗೆ ಹೋಗಣ?"

ಹಿಂದೊಮ್ಮೆ ಚೈತ್ರಮ್ಮ ಪಟ್ಟಿ ಕಟ್ಟಿಕೊಂಡು ಕೂತಿದ್ದಾಗಲೇ ಒಂದು ಮಗುವಿನ ನೋವು ಹೀಗೆ ತಟ್ಟನೆ ನಿಂತುಹೋಗಿತ್ತು, ನಾಜಿಯಾ ಆ ಮಗುವನ್ನು ಎತ್ತಿಕೊಂಡೇ ಶಸ್ತ್ರಚಿಕಿತ್ಸೆಯ ಕೋಣೆಗೆ ಓಡಿದ್ದರು. ಅದಕ್ಕೂ ಮೊದಲು, ಮಂಡಕ್ಕಿ ಕೇಳಿದ ಸಿಂಚನ. "ಬೇಗ ಹೋಗಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಆಟೋದವನ ಬೆನ್ನು ಗುದ್ದಿದಳು.

ಆಸ್ಪತ್ರೆಯಲ್ಲಿ ನಾಜಿಯಾ ಅಭ್ಯಾಸಬಲದಿಂದ ಸಹವೇದಕ ತರಿಸಿದರು. ಪಟ್ಟಿ ಕಂಡದ್ದೇ ಇಬ್ಬನಿ ಮೈಮೇಲೆ ಬಂದವಳಂತೆ ಕಿರುಚಿದಳು. ಮೂರು ದಿನ ತುಟಿ ಬಿಚ್ಚದವಳ ಗಂಟಲಲ್ಲಿ ಅಷ್ಟು ಧ್ವನಿ ಎಲ್ಲಿತ್ತೋ!

"ಅಜ್ಜಿಗೆ ಕಟ್ಟಬೇಡಿ! ಬೇಡ! ಕೊಡಲ್ಲ, ನಾನು ಕೊಡಲ್ಲ!"

"ಏನು ಕೊಡಲ್ವೇ ಪುಟ್ಟಿ?" ಎಂದರು ನಾಜಿಯಾ.

"ನೋವು. ನೋವು ಅಂದ್ರೆ ಅದು ಅಜ್ಜಿಗೆ ಹೋಗುತ್ತೆ. ಅಜ್ಜಿನೇ ಎಲ್ಲರ ಹತ್ರ ಕೊಡು ಅಂತ ಇಸ್ಕೋತಾಳೆ. ಆಮೇಲೆ ಹಿಂಗೆ ಹಿಂಗೆ ಮಾಡ್ತಾಳೆ." ಅವಳು ಅಜ್ಜಿ ಮಡಚಿಕೊಂಡಾಗ ಮಾಡುವ ಹಾಗೆ ಮುಖ ಮಾಡಿ ತೋರಿಸಿದಳು. "ನಮ್ಮ ಶಾಲೇಲಿ ಎಲ್ಲರಿಗೂ ಗೊತ್ತು. ಮನೇಲಿ ಹೇಳಬಾರದು. ಹೇಳಿದ್ರೆ ಇಲ್ಲಿಗೆ ಕರ್ಕೊಂಡು ಬರ್ತಾರೆ, ನೋವಮ್ಮಂಗೆ ಕೊಡಬೇಕಾಗುತ್ತೆ. ಲೋಹಿತಣ್ಣನೂ ಹೇಳಲಿಲ್ಲ."

ನಾಜಿಯಾ ಚೈತ್ರಮ್ಮನ ಕಡೆ ನೋಡಿದರು. ಮೆಟ್ಟಿಲ ಮೇಲೆ ಕೂತಿದ್ದ ಲೋಹಿತನ ತಾಯಿಯ ಮುಖ ಚೈತ್ರಮ್ಮನ ಕಣ್ಣಿಗೆ ಕಟ್ಟಿತು. ನಾಲಿಗೆಯನ್ನು ಕಿತ್ತು ಬಿಸಾಡಬೇಕೆನ್ನಿಸಿತು.

ನಾಜಿಯಾ ಪಟ್ಟಿಯನ್ನು ಆಚೆ ತಳ್ಳಿ, ವರ್ಷಗಳಿಂದ ಮಾಡದಿದ್ದ ಕೆಲಸ ಮಾಡಿದರು. ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಮಗುವಿನ ಹೊಟ್ಟೆ ಮುಟ್ಟಿದರು. ಅದು ಹಲಗೆಯಂತೆ ಬಿಗಿದಿತ್ತು.

"ಒಡೆದಿದೆ," ಎಂದರು.

ಓಡಿಬಂದ ದೀಕ್ಷಾ ಶಸ್ತ್ರಚಿಕಿತ್ಸೆಯ ಕೋಣೆಯ ಮುಚ್ಚಿದ ಬಾಗಿಲ ಮುಂದೆ ನಿಂತು ಒಂದೇ ಮಾತು ಕೇಳಿದಳು: "ಅತ್ತೆ, ಊರ ಮಕ್ಕಳ ನೋವೆಲ್ಲ ನಿಮಗೆ ತಿಳಿಯುತ್ತೆ. ನಮ್ಮ ಮಗೂದು ತಿಳಿಯಲಿಲ್ವಾ?" ಚೈತ್ರಮ್ಮನೂ ಇನ್ನೊಬ್ಬ ತಾಯಿಗೆ ಇದನ್ನೇ ಕೇಳಿರಲಿಲ್ಲವೇ?

ಇಬ್ಬನಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಎರಡು ಸಲ ಕೀವು ತೆಗೆದರು. ನಾಲ್ಕನೆಯ ದಿನ ಇನ್ನು ಇಲ್ಲವೇನೋ ಎನ್ನುವಂತಾಗಿ, ಎಂಟನೆಯ ದಿನ ಕಣ್ಣು ಬಿಟ್ಟಳು. ಬದುಕಿದಳು. ಮೊದಲು ಕೇಳಿದ್ದು ನೀರು. ನೀರು ಕುಡಿದ ಮೇಲೆ, "ಅಜ್ಜಿಗೆ ಕಟ್ಟಿದ್ರಾ?" ಎಂದು ಅಮ್ಮನನ್ನು ಕೇಳಿದಳು.

ವಿಷಯ ತಿಳಿದ ಜೋಯಿಸರು ರಾಜಧಾನಿಯಿಂದ ಬಂದರು. ನಲವತ್ತು ಆಸ್ಪತ್ರೆಗಳಿಂದ ತರಿಸಿದ್ದ ವಿವರಗಳ ಕಟ್ಟು ಅವರ ಕೈಯಲ್ಲಿತ್ತು. ಎಲ್ಲ ಕಡೆಯೂ ಇದೇ ಕಥೆ. ಮನುಷ್ಯ ಸುಖವಾಗಿ ನಿದ್ದೆ ಮಾಡಿ ಬಹಳ ದಿನವಾದಂತಿತ್ತು.

"ಮಗು ನೋವನ್ನು ಸರಿಯಾಗಿ ಹೇಳಲಾರದು ಅಂತ ಈ ಯಂತ್ರ ಮಾಡಿದೆ ಚೈತ್ರಮ್ಮನವರೇ. ಹೇಳುವುದನ್ನೇ ಬಿಟ್ಟುಬಿಡುತ್ತೆ ಅಂತ ನನಗೆ ಹೊಳೆಯಲೇ ಇಲ್ಲ. ನೋವು ನಕಲಾಗುತ್ತೆ ಅಷ್ಟೆ, ವರ್ಗವಾಗಲ್ಲ ಅಂತ ನಾವು ಮಕ್ಕಳಿಗೆ ವಿವರಿಸಬೇಕಿತ್ತು."

"ವಿವರಿಸೋದು ಬೇಡ ಸಾರ್. ನಮ್ಮವ್ವ ನನಗೆ ಆ ಮಾತು ಹೇಳ್ತಿದ್ಲು. ಅವಳಿಗೆ ನನ್ನ ಜ್ವರ ಬರಲಿಲ್ಲ, ಒಂದು ದಿನವೂ ಬರಲಿಲ್ಲ. ಅದಕ್ಕೇ ನಾನು ಧೈರ್ಯವಾಗಿ ಅಳ್ತಿದ್ದೆ. ನೀವು ಆ ಮಾತನ್ನ ನಿಜ ಮಾಡಿಬಿಟ್ರಿ."

ಜೋಯಿಸರು ಆ ಕಟ್ಟನ್ನು ಮೇಜಿನ ಮೇಲಿಟ್ಟರು. "ಮೂರನೇ ಹಂತ ತೆಗೆದುಹಾಕ್ತೀನಿ," ಎಂದರು.

"ಮಾತು ತೆಗೀಬಹುದು ಸಾರ್. ನನ್ನ ಮುಖ ಎಲ್ಲಿ ತೆಗೆದಿಡಲಿ?"

ಅದಕ್ಕೂ ಜೋಯಿಸರು ಉಪಾಯ ಹುಡುಕಿದರು. ಅಡ್ಡ ಪರದೆ ಕಟ್ಟಿ ನೋಡಿದರು. ಕಾಣದ ಕಡೆಯಿಂದ ನರಳಾಟ ಕೇಳಿ ಮಕ್ಕಳು ಇನ್ನಷ್ಟು ಬೆದರಿದವು. ಕೊನೆಗೆ ಹೊಸ ಪುಸ್ತಕದಲ್ಲಿ ಮೂರನೆಯ ಹಂತ ಹೀಗಿತ್ತು: ವೇದನಾಗ್ರಾಹಿಯು ಆದ್ಯಂತವಾಗಿ ಪ್ರಸನ್ನವದನರಾಗಿರತಕ್ಕದ್ದು. ಕನ್ನಡಿ ಮುಂದಿಟ್ಟು ತಿಂಗಳುಗಟ್ಟಲೆ ತರಬೇತಿ ನಡೆಯಿತು. ಬೇರೆಯವರಿಗೆ ಸುಲಭಕ್ಕೆ ಬರಲಿಲ್ಲ. ಚೈತ್ರಮ್ಮ ಬಹುಬೇಗ ಕಲಿತಳು. ಹೊಟ್ಟೆಯೊಳಗೆ ಗೂಟ ಹೊಡೆಯುತ್ತಿದ್ದರೂ ಮಗುವಿನ ಕಡೆ ನೋಡಿ ಹಲ್ಲು ಬಿಟ್ಟು ನಗುತ್ತ, "ಬಲಗಡೆ, ಕೆಳಗೆ, ಮೇಡಂ," ಎನ್ನುವುದನ್ನು ನೋಡಿದರೆ ನಾಜಿಯಾ ಬೇರೆ ಕಡೆ ತಿರುಗಿಬಿಡುತ್ತಿದ್ದರು. ಮಕ್ಕಳು ಮೆಲ್ಲಮೆಲ್ಲನೆ ಮತ್ತೆ ಬಾಯಿ ಬಿಡತೊಡಗಿದವು. ಆ ಮಳೆಗಾಲದಲ್ಲಿ ಅಪೆಂಡಿಕ್ಸ್ ಒಡೆದು ಬಂದವರು ಇಬ್ಬರೇ. ಒಳ್ಳೆಯದೇ ಆಯಿತೆಂದು ಎಲ್ಲರೂ ಅಂದುಕೊಂಡರು.

ಇಬ್ಬನಿ ಮತ್ತೆ ಶಾಲೆಗೆ ಹೋಗತೊಡಗಿದಳು. ಸಂಜೆ ಬಂದು ಅದೇ ಬೆಂಚಿನ ಮೇಲೆ ಕೂತು, ಗಾಜಿನ ಬಾಗಿಲಿನಿಂದ ಒಳಗೆ ನೋಡುತ್ತಿದ್ದಳು. ಮಾತು ಕಡಿಮೆಯಾಗಿತ್ತು.

ದೀಪಾವಳಿಯ ಹಿಂದಿನ ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ದೀಕ್ಷಾ ಹೋಳಿಗೆ ಮಾಡಲು ಹೋಗಿ, ಹೂರಣ ಒಂದು ಕಡೆ ಕಣಕ ಒಂದು ಕಡೆಯಾಗಿ, ಅದನ್ನೇ ಮುದ್ದೆ ಕಟ್ಟಿ ಗಂಡನ ತಟ್ಟೆಗೆ ಹಾಕಿ, "ಇದು ಹೊಸ ತಿಂಡಿ, ಹೆಸರು ನೀವೇ ಇಡಿ," ಎಂದಳು. ಅವನು ಅದನ್ನು ಗಂಭೀರವಾಗಿ ಬಾಯಿಗಿಟ್ಟುಕೊಂಡ ಪರಿ ನೋಡಿ ಚೈತ್ರಮ್ಮನಿಗೆ ತಡೆಯಲಾರದ ನಗು ಬಂತು. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ನಕ್ಕಳು.

ಇಬ್ಬನಿ ತಿನ್ನುವುದನ್ನು ನಿಲ್ಲಿಸಿದಳು. ತಟ್ಟೆ ಸರಿಸಿ ಎದ್ದು ಬಂದು ಅಜ್ಜಿಯ ಮುಂದೆ ಮಂಡಿಯೂರಿ ಕೂತಳು.

"ಎಲ್ಲಿ ಅಜ್ಜಿ?"

"ಏನೆ ಎಲ್ಲಿ?"

"ನೋವು."

"ನೋವೂ ಇಲ್ಲ ಗೀವೂ ಇಲ್ಲ. ನಿಮ್ಮಮ್ಮನ ಹೋಳಿಗೆ ನೋಡಿ ನಗು ಬಂತು ಕಣೆ."

"ಆಸ್ಪತ್ರೇಲೂ ಹಿಂಗೇ ನಗ್ತೀಯ," ಎಂದಳು ಇಬ್ಬನಿ. "ನಂಗೆ ಹೇಳು. ಬಲಗಡೆನಾ?"

ಮಗು ಎರಡೂ ಕೈಗಳಿಂದ ಅಜ್ಜಿಯ ಕೆನ್ನೆ ಸವರಿತು. ಆ ಕೈಗಳನ್ನು ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿಯಲು ನೋಡಿತು. ಎಳೆಯ ಬೆರಳುಗಳು, ಸದ್ದು ಬರಲಿಲ್ಲ.

"ನಿನ್ನ ನೋವೆಲ್ಲ ನನಗಿರಲಿ," ಎಂದಿತು. "ಕೊಡು."

"ಬೇಡ ಕಣವ್ವಾ, ಆ ಮಾತು ಆಡಬೇಡ," ಎಂದು ಚೈತ್ರಮ್ಮ ಆ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಕ್ಕು ತೋರಿಸೋಣವೆಂದರೆ ಮಗು ಇನ್ನು ನಗುವನ್ನು ನಂಬುವುದಿಲ್ಲ. ಅಳು ಬಂದರೆ ನಂಬಿಬಿಡುತ್ತದೆ. ಏನು ಮಾಡಲೂ ತೋಚದೆ, ತನ್ನ ಮುಖ ಕಾಣದಿರಲೆಂದು ಮೊಮ್ಮಗಳ ತಲೆಯನ್ನು ಎದೆಗೊತ್ತಿಕೊಂಡಳು.

"ಹೇಳಜ್ಜಿ," ಎಂದು ಸೆರಗಿನೊಳಗಿಂದ ಇಬ್ಬನಿಯ ಧ್ವನಿ ಬಂತು. "ಎಲ್ಲಿ?"